ಟೈಗರ್ ತೊಡೆಯ ಗಂಟು: ಎಳೆದ ಸೂಜಿ, ಎಳೆಯದ ಸೂಜಿ, ತುಂಡು ತೆಗೆಯುವ ಸೂಜಿ

ಜುಲೈ ಎರಡನೇ ವಾರ. ವಿರಾಜಪೇಟೆಯಲ್ಲಿ ಐದು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕ್ಲಿನಿಕ್ ಮುಂದೆ ಜೀಪು ನಿಂತಿತು, ಹಿಂದಿನ ಸೀಟಿನಿಂದ ಟೈಗರ್ ಇಳಿಯಿತು. ಎಂಟು ವರ್ಷದ ಕಪ್ಪು ಲ್ಯಾಬ್ರಡಾರ್, 34 ಕಿಲೋ. ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಕಾವಲು ನಾಯಿ. ಕಾವಲು ಅಂದರೆ ಬಂದವರಿಗೆಲ್ಲ ಬಾಲ ಅಲ್ಲಾಡಿಸುವುದು, ಅಷ್ಟೇ. ಜೊತೆಗೆ ತೋಟದ ಅಮ್ಮ, ಅವರ ಹಿಂದೆ ಛತ್ರಿ ಹಿಡಿದ ರೈಟರ್, ಅಂದರೆ ತೋಟದ ಲೆಕ್ಕ ನೋಡುವವರು.

"ಬಲಗಡೆ ತೊಡೆಯಲ್ಲಿ ಒಂದು ಗಂಟು ಡಾಕ್ಟ್ರೇ. ಬೇಸಿಗೆಯಲ್ಲಿ ಉಣ್ಣಿ ಕಚ್ಚಿದ ಜಾಗ ಇರಬೇಕು. ಎರಡು ತಿಂಗಳಾಯ್ತು, ಹೋಗ್ತಾನೇ ಇಲ್ಲ."

ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ, ಹೊರಬದಿಯಲ್ಲಿ, ಸುಲಿದ ಅಡಿಕೆಯಷ್ಟು ಗಂಟು. ಅಳತೆ ಹಿಡಿದರೆ 2 ಸೆಂ.ಮೀ. ಮೇಲಿನ ಕೂದಲು ಸ್ವಲ್ಪ ಉದುರಿತ್ತು. ಒತ್ತಿದರೆ ನೋವಿಲ್ಲ. ಎದೆಯ ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು, ಮೆತ್ತಗೆ ಜಾರುವಂಥದ್ದು. ವಯಸ್ಸಾದ ದಪ್ಪ ಲ್ಯಾಬ್ರಡಾರ್‌ಗಳಲ್ಲಿ ಇಂಥ ಕೊಬ್ಬಿನ ಗಂಟು ಮಾಮೂಲಿ. ಮುಟ್ಟಿ ನೋಡಿ "ಇದು ಕೊಬ್ಬು, ಬಿಡಿ" ಅಂದೆ. ಮುಟ್ಟಿ ಮಾತ್ರ ಹೇಳುವುದು ತಪ್ಪು ಅಂತ ನನಗೆ ಗೊತ್ತು. ಆದರೂ ಹೇಳಿದೆ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.

ತೊಡೆಯ ಗಂಟಿಗೆ ಮಾತ್ರ ಸೂಜಿ ಹಾಕಿದೆ, ಒಳಗಿನ ಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲು. ಆ ದಿನ ನಾನು ಮಾಡಿದ್ದನ್ನು ಬಿಡಿಸಿ ಹೇಳಬೇಕು, ಈ ಪ್ರಕರಣದ ಅರ್ಧ ಪಾಠ ಅಲ್ಲೇ ಇದೆ.

ಕೈಗೆ ಸಿಕ್ಕಿದ್ದು ಹಳದಿ ಸೂಜಿ, ಅಂದರೆ 20 ಗೇಜ್. ಗೇಜ್ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ. 20 ಗೇಜ್ ಸುಮಾರು 0.9 ಮಿ.ಮೀ. ದಪ್ಪ. ಇಂಥ ಕೆಲಸಕ್ಕೆ ನೀಲಿ ಸೂಜಿ ಸಾಕು, 23 ಗೇಜ್, 0.6 ಮಿ.ಮೀ. ಅದಕ್ಕೆ 10 ಎಂ.ಎಲ್. ಸಿರಿಂಜ್ ಸಿಕ್ಕಿಸಿ, ಗಂಟಿನೊಳಗೆ ಚುಚ್ಚಿ, ಜೋರಾಗಿ ಎಳೆದೆ. ಎಳೆದ ಪ್ಲಂಜರನ್ನು ಬಿಡದೆ ಹಾಗೇ ಸೂಜಿ ಹೊರಗೆ ತೆಗೆದೆ. ಇದು ದೊಡ್ಡ ತಪ್ಪು. ಸೂಜಿಯ ತುದಿ ಚರ್ಮದಿಂದ ಆಚೆ ಬಂದ ಕೂಡಲೇ ಗಾಳಿ ಒಳಗೆ ನುಗ್ಗುತ್ತದೆ, ಸೂಜಿಯ ಕೊಳವೆಯಲ್ಲಿದ್ದ ಚೂರು ಮಾಲು ಸಿರಿಂಜಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿಂದ ಅದನ್ನು ವಾಪಸ್ ತರುವುದಕ್ಕಾಗುವುದಿಲ್ಲ. ಸ್ಲೈಡ್ ಮೇಲೆ ಬಿದ್ದದ್ದು ಬರೀ ರಕ್ತ. ಅದನ್ನೇ ಎರಡು ಸ್ಲೈಡಿನಲ್ಲಿ ಹರಡಿ ಟೇಬಲ್ ಮೇಲೆ ಒಣಗಲು ಇಟ್ಟೆ.

ಜುಲೈ ತಿಂಗಳ ಕೊಡಗಿನಲ್ಲಿ ಒಣಗುವುದು ಅಂದರೇನು? ಬಟ್ಟೆ ಒಣಗಲ್ಲ, ಕಡ್ಡಿಪೆಟ್ಟಿಗೆ ಹತ್ತಲ್ಲ. ಸ್ಲೈಡ್ ಮೇಲಿನ ಕೋಶಗಳು ಕೆಲವೇ ಸೆಕೆಂಡಿನಲ್ಲಿ ಒಣಗಿದರೆ ಚಪ್ಪಟೆಯಾಗಿ ಹರಡಿಕೊಂಡು ಚೆನ್ನಾಗಿ ಕಾಣುತ್ತವೆ. ಒದ್ದೆ ಗಾಳಿಯಲ್ಲಿ ನಿಧಾನವಾಗಿ ಒಣಗಿದರೆ ಮುದುಡಿ, ಕೋಶಕೇಂದ್ರ ಕಪ್ಪಗಾಗಿ, ಒಳಗಿನ ವಿವರವೆಲ್ಲ ಹಾಳಾಗುತ್ತದೆ. ಆ ದಿನ ನನ್ನ ಸ್ಲೈಡ್ ಒಣಗಲು ಕಾಲು ಗಂಟೆ ಹಿಡಿಯಿತು.

ಇದರ ಮೇಲೆ ಇನ್ನೊಂದು. ಅದೇ ದಿನ ಬೇರೊಂದು ನಾಯಿಯ ಮೊಲೆಯ ಗಡ್ಡೆ ತೆಗೆದು, ಕೊಳೆಯದಂತೆ ಕಾಯುವ ಫಾರ್ಮಾಲಿನ್ ದ್ರವದ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಮೈಸೂರಿನ ಲ್ಯಾಬಿಗೆ ಎಲ್ಲ ಹೋಗುವುದು ಬಸ್ಸಿನಲ್ಲೇ. ಎರಡು ಪಾರ್ಸೆಲ್ ಯಾಕೆ ಅಂತ ಸ್ಲೈಡನ್ನೂ ಡಬ್ಬಿಯನ್ನೂ ಒಂದೇ ಕವರಿನಲ್ಲಿ ಕಟ್ಟಿ ಕಳಿಸಿದೆ. ಮುಚ್ಚಳ ಎಷ್ಟೇ ಬಿಗಿ ಇದ್ದರೂ ಫಾರ್ಮಾಲಿನ್ ಆವಿ ಸೋರುತ್ತದೆ. ಆ ಆವಿ ತಾಗಿದ ಒಣ ಸ್ಲೈಡ್ ಆಮೇಲೆ ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ, ಎಲ್ಲ ನೀಲಿ ಮಂಜು. ಎಂಟು ದಿನದ ಮೇಲೆ ಬಂದ ವರದಿಯಲ್ಲಿ ಇದ್ದದ್ದು ಇಷ್ಟೇ: ರಕ್ತ ಜಾಸ್ತಿ, ಕೋಶ ಕಡಿಮೆ, ಬಣ್ಣ ಹಿಡಿದಿಲ್ಲ, ಅಭಿಪ್ರಾಯ ಹೇಳಲಾಗದು. ಲ್ಯಾಬಿನವರ ತಪ್ಪು ಏನೂ ಇಲ್ಲ. ನಾನು ಕಳಿಸಿದ್ದೇ ಹಾಗಿತ್ತು.

ಫೋನ್ ಮಾಡಿ ಟೈಗರ್‌ನನ್ನು ಮತ್ತೆ ಕರೆಸಿದೆ. ರಸ್ತೆಗೆ ಮರ ಬಿದ್ದು, ಕರೆಂಟಿಲ್ಲದೆ, ಅವರು ಬರುವಷ್ಟರಲ್ಲಿ ಆಗಸ್ಟ್ 1 ಆಗಿತ್ತು. ಈ ಸಲ ಗಂಟು ನಿಂಬೆಹಣ್ಣಿನಷ್ಟು, ಕೆಂಪಗೆ. ನಾಯಿ ಬಿಡದೆ ನೆಕ್ಕುತ್ತಿತ್ತು.

"ಎರಡು ಮೂರು ವಾರದಲ್ಲಿ ಇಷ್ಟು ಬೆಳೀತಾ ಅಮ್ಮ?"

"ಬೆಳೆಯೋದಲ್ಲ ಮಾರಾಯ್ರೇ. ಒಂದಿನ ದೊಡ್ಡದು, ಒಂದಿನ ಚಿಕ್ಕದು. ಮೊನ್ನೆ ಅಡಿಕೆಯಷ್ಟೇ ಇತ್ತು. ನಿನ್ನೆ ರೈಟರ್ ಸ್ನಾನ ಮಾಡಿಸಿ ಉಜ್ಜಿದ ಮೇಲೆ ಹೀಗೆ ಊದಿದೆ."

ಯಾವ ಎಕ್ಸ್‌ರೇಯೂ ಹೇಳಲಾಗದ್ದನ್ನು ಈ ಮಾತು ಹೇಳಿತು. ಉಜ್ಜಿದರೆ ಊದುವ, ಆಮೇಲೆ ತಾನೇ ಇಳಿಯುವ ಗಂಟು ಅಂದರೆ ನಾಯಿಯಲ್ಲಿ ಮೊದಲು ನೆನಪಾಗಬೇಕಾದದ್ದು ಮಾಸ್ಟ್ ಸೆಲ್ ಟ್ಯೂಮರ್, ಚರ್ಮದ ಒಂದು ಥರದ ಕ್ಯಾನ್ಸರ್. ಮಾಸ್ಟ್ ಕೋಶದೊಳಗೆ ಹಿಸ್ಟಮಿನ್, ಹೆಪಾರಿನ್ ತುಂಬಿದ ಸಣ್ಣ ಸಣ್ಣ ಕಾಳುಗಳಿರುತ್ತವೆ. ಹಿಚುಕಿದರೆ ಅವು ಚೆಲ್ಲುತ್ತವೆ, ಜಾಗ ಕೆಂಪಾಗಿ ಊದುತ್ತದೆ, ರಕ್ತ ಬೇಗ ನಿಲ್ಲುವುದಿಲ್ಲ. ತುಂಬ ಚೆಲ್ಲಿದರೆ ಹೊಟ್ಟೆಯಲ್ಲಿ ಹುಣ್ಣು, ಬಿಪಿ ಇಳಿಯುವುದು ಎಲ್ಲ ಆಗಬಹುದು. ಬಾಕ್ಸರ್, ಪಗ್, ಲ್ಯಾಬ್ರಡಾರ್ ಜಾತಿಗಳಲ್ಲಿ ಇದು ಹೆಚ್ಚು. ಇದರ ಇನ್ನೊಂದು ಗುಣ, ಬೇರೆ ಏನೋ ಥರ ಕಾಣುವುದು. ಕೊಬ್ಬಿನ ಗಂಟಿನ ಹಾಗೆ, ಕೀಟ ಕಚ್ಚಿದ ಹಾಗೆ, ಸುಮ್ನೆ ಒಂದು ನರೂಲಿಯ ಹಾಗೆ.

ಮೊದಲು ಹಿಸ್ಟಮಿನ್ ತಡೆಯುವ ಒಂದು ಏವಿಲ್ ಇಂಜೆಕ್ಷನ್ ಕೊಟ್ಟು ಇಪ್ಪತ್ತು ನಿಮಿಷ ಕಾದೆ. ಆಮೇಲೆ ಸೂಜಿ.

ಸೂಜಿಯಿಂದ ಮಾಲು ತೆಗೆಯುವ ದಾರಿ ಮೂರು. ಒಂದು, ಸಣ್ಣ ಸೂಜಿ ಚುಚ್ಚಿ ಸಿರಿಂಜಿನಿಂದ ಎಳೆಯುವುದು. ಆಸ್ಪತ್ರೆಗಳಲ್ಲಿ ಎಫ್‌ಎನ್‌ಎಸಿ ಅನ್ನುವುದು ಸಾಮಾನ್ಯವಾಗಿ ಇದಕ್ಕೇ. ಎರಡು, ಅದೇ ಸಣ್ಣ ಸೂಜಿ, ಆದರೆ ಎಳೆಯುವುದೇ ಇಲ್ಲ. ಮೂರು, ಸ್ಪ್ರಿಂಗ್ ಇರುವ ದಪ್ಪ ಸೂಜಿಯಿಂದ ಗಂಟಿನ ಒಂದು ಎಳೆಯನ್ನೇ ಕತ್ತರಿಸಿ ತೆಗೆಯುವುದು, ಅಂದರೆ ಕೋರ್ ಬಯಾಪ್ಸಿ, ಟ್ರೂಕಟ್. ಎಳೆಯುವ ವಿಧಾನ ಹಳೆಯದು. ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ 1930ರಲ್ಲೇ 18 ಗೇಜ್ ಸೂಜಿಯಿಂದ ಎಳೆದು ಮನುಷ್ಯರ ಗಡ್ಡೆಗಳ ಬಗ್ಗೆ ಬರೆದರು. ಎಳೆಯದೆ ತೆಗೆಯುವುದನ್ನು ಪ್ಯಾರಿಸ್‌ನ ಜಾಡೆಲಾ ಮತ್ತು ಜೊತೆಗಾರರು 1987ರಲ್ಲಿ ವಿವರವಾಗಿ ಬರೆದ ಮೇಲೆ ಅದು ಎಲ್ಲ ಕಡೆ ಹರಡಿತು. ನಾಯಿ ಬೆಕ್ಕುಗಳಿಗೆ ನಾವು ಮಾಡುವುದೂ ಅದನ್ನೇ.

ಎಳೆಯದೆ ಮಾಲು ಹೇಗೆ ಬರುತ್ತದೆ ಅಂತ ರೈಟರ್ ಕೇಳಿದರು. ಸೂಜಿಯ ತುದಿ ಓರೆಯಾಗಿ ಕತ್ತರಿಸಿರುತ್ತದೆ, ಅಂಚು ಬ್ಲೇಡಿನಷ್ಟು ಹರಿತ. ಗಂಟಿನೊಳಗೆ ಹಿಂದೆ ಮುಂದೆ ಬೇಗ ಬೇಗ ಆಡಿಸಿದರೆ ಅದು ಕೋಶಗಳನ್ನು ಕೆರೆದು ಬಿಡಿಸುತ್ತದೆ. ಬಿಡಿಸಿದ್ದು ಸಣ್ಣ ಕೊಳವೆಯಲ್ಲಿ ತಾನಾಗೇ ಏರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಹೊಲಿಗೆ ಮೆಷಿನ್ನಿನ ಸೂಜಿ ನೋಡಿದ್ದೀರಲ್ಲ, ಕೈ ಹಾಗೆ ಓಡಬೇಕು.

ಎಡಗೈಯ ಎರಡು ಬೆರಳಲ್ಲಿ ಗಂಟನ್ನು ಮೆಲ್ಲಗೆ ಹಿಡಿದೆ, ಹಿಚುಕಲಿಲ್ಲ. ನೀಲಿ ಸೂಜಿಯನ್ನು ಪೆನ್ಸಿಲ್ ಹಿಡಿದ ಹಾಗೆ ಹಿಡಿದು ಒಳಗೆ ಬಿಟ್ಟು, ಒಂದೇ ದಿಕ್ಕಿನಲ್ಲಿ ಏಳೆಂಟು ಸಲ ಆಡಿಸಿದೆ. ಸೂಜಿಯ ಬುಡದ ಪ್ಲಾಸ್ಟಿಕ್ಕಿನಲ್ಲಿ ರಕ್ತ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಕಾಣಲಿಲ್ಲ. ಹೊರಗೆ ತೆಗೆದು, ಮೊದಲೇ ಗಾಳಿ ತುಂಬಿಟ್ಟಿದ್ದ 5 ಎಂ.ಎಲ್. ಸಿರಿಂಜಿಗೆ ಸಿಕ್ಕಿಸಿ, ತುದಿಯನ್ನು ಗಾಜಿಗೆ ತಾಗುವಷ್ಟು ಹತ್ತಿರ ಇಟ್ಟು ಒಂದೇ ಸಲ ಒತ್ತಿದೆ. ಸಾಸಿವೆ ಕಾಳಿನಷ್ಟು ಬೂದು ಹನಿ. ಮೇಲೊಂದು ಸ್ಲೈಡ್ ಇಟ್ಟು, ಅದರ ಭಾರಕ್ಕೇ ಹರಡಲು ಬಿಟ್ಟು, ಒತ್ತದೆ ಜಾರಿಸಿದೆ. ಬೇರೆ ಬೇರೆ ಜಾಗದಿಂದ ಹೀಗೆ ಮೂರು ಸಲ, ನಾಲ್ಕು ಸ್ಲೈಡ್.

ಒಣಗಿಸಲು ಈ ಸಲ ಹೇರ್ ಡ್ರೈಯರ್, ತಣ್ಣನೆ ಗಾಳಿಯಲ್ಲಿ. ನನ್ನ ಹೆಂಡತಿಯದು. ಈಗ ಅದು ಕ್ಲಿನಿಕ್ಕಿನ ಆಸ್ತಿ. ಕರೆಂಟ್ ಹೋದ ದಿನ ಜೀಪಿನ ಬ್ಲೋವರ್ ಮುಂದೆ ಸ್ಲೈಡ್ ಹಿಡಿದು ಒಣಗಿಸಿದ್ದೂ ಉಂಟು.

ಆಮೇಲೆ ಹೋಲಿಸಿ ನೋಡೋಣ ಅಂತ ಅಮ್ಮನನ್ನು ಕೇಳಿ ಇನ್ನೊಂದು ಸಲ ಚುಚ್ಚಿದೆ. 22 ಗೇಜ್ ಸೂಜಿ, ಸಿರಿಂಜ್ ಹಾಕಿ ಎಳೆದು. ಈ ಸಲ ಪ್ಲಂಜರ್ ಬಿಟ್ಟ ಮೇಲೇ ಸೂಜಿ ಹೊರಗೆ ತೆಗೆದೆ. ಮಾಲು ಜಾಸ್ತಿ ಬಂತು, ಆದರೆ ಕೆಂಪಗೆ. ಗಂಟು ಇನ್ನಷ್ಟು ಊದಿತು. ಹತ್ತಿ ಒತ್ತಿ ಹಿಡಿದು ಐದು ನಿಮಿಷ ಕೂತೆವು, ರಕ್ತ ನಿಂತಿತು.

ಬಣ್ಣ ಹಾಕುವಾಗಲೂ ಎರಡು ದಾರಿ ನೋಡಿದೆ. ಎಳೆಯದೆ ತೆಗೆದ ಒಂದು ಸ್ಲೈಡನ್ನು ಮೂರು ಡಬ್ಬಿಯಲ್ಲಿ ಅದ್ದುವ ಕ್ವಿಕ್ ಸ್ಟೇನಿಗೆ ಹಾಕಿದೆ, ಎರಡು ನಿಮಿಷದ ಕೆಲಸ. ಉಳಿದವಕ್ಕೆ ಲೀಶ್ಮನ್: ಬಣ್ಣ ಸುರಿದು ಎರಡು ನಿಮಿಷ, ಅದರ ಎರಡರಷ್ಟು ಬಫರ್ ನೀರು ಸೇರಿಸಿ ಹತ್ತು ನಿಮಿಷ, ಆಮೇಲೆ ತೊಳೆಯುವುದು. ಲೀಶ್ಮನ್ ಬಾಟಲಿಯ ಮುಚ್ಚಳ ಮಳೆಗಾಲದಲ್ಲಿ ತೆಗೆದಿಡಬಾರದು. ಅದರಲ್ಲಿರುವ ಮೆಥನಾಲ್ ಗಾಳಿಯ ನೀರನ್ನು ಕುಡಿದು ಬಣ್ಣ ಕೆಟ್ಟುಹೋಗುತ್ತದೆ.

ಕ್ವಿಕ್ ಸ್ಟೇನ್ ಸ್ಲೈಡಿನಲ್ಲಿ ದುಂಡಗಿನ ಕೋಶಗಳು ತುಂಬಿದ್ದವು, ಆದರೆ ಒಳಗಿನ ಕಾಳುಗಳು ಅಲ್ಲೊಂದು ಇಲ್ಲೊಂದು. ಗೊತ್ತಿಲ್ಲದವರು ನೋಡಿದರೆ ಬೇರೇನೋ ದುಂಡು ಕೋಶದ ಗಡ್ಡೆ ಅನ್ನಬಹುದು. ಮಾಸ್ಟ್ ಕೋಶದ ಕಾಳುಗಳು ಈ ಸ್ಟೇನಿನಲ್ಲಿ ಕೆಲವೊಮ್ಮೆ ಬಣ್ಣ ಹಿಡಿಯುವುದೇ ಇಲ್ಲ. ಲೀಶ್ಮನ್ ಸ್ಲೈಡ್ ಇಟ್ಟಾಗ ನಾನು ಕುರ್ಚಿಯಿಂದ ಎದ್ದು ಅಮ್ಮನನ್ನು ಕರೆದೆ. ಪ್ರತಿ ಕೋಶದೊಳಗೂ ನೇರಳೆ ಕಾಳು. ಕೆಲವದರಲ್ಲಿ ಎಷ್ಟು ಒತ್ತಾಗಿದ್ದವು ಅಂದರೆ ನಡುವಿನ ಕೇಂದ್ರವೇ ಕಾಣುತ್ತಿರಲಿಲ್ಲ. ಸುತ್ತ ಕಿತ್ತಳೆ ಕಾಳಿನ ಇಯೊಸಿನೊಫಿಲ್‌ಗಳು, ಒಂದು ಬಗೆಯ ಬಿಳಿ ರಕ್ತಕಣ.

ಅಮ್ಮ ಕನ್ನಡಕ ತೆಗೆದು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿ, "ಮದ್ದು ಪಾಯಸದ ಬಣ್ಣ ಅಲ್ವಾ" ಅಂದರು.

ಇನ್ನೆರಡು ದಿನಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ 3ಕ್ಕೆ ಕೊಡಗಿನ ಮನೆಮನೆಯಲ್ಲಿ ಮದ್ದು ಸೊಪ್ಪು ಬೇಯಿಸಿ, ಆ ನೀರಲ್ಲಿ ಪಾಯಸ ಮಾಡುತ್ತಾರೆ. ಅದೇ ಗಾಢ ನೇರಳೆ. ಹದಿನಾಲ್ಕು ವರ್ಷದಿಂದ ಈ ಕೋಶ ನೋಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ಎಳೆದು ತೆಗೆದ ಸ್ಲೈಡಿನಲ್ಲೂ ಮಾಸ್ಟ್ ಕೋಶ ಇದ್ದವು, ಉತ್ತರ ಅದರಲ್ಲೂ ಸಿಗುತ್ತಿತ್ತು. ಆದರೆ ಹುಡುಕಬೇಕಿತ್ತು. ಕೆಂಪು ರಕ್ತಕಣಗಳ ನಡುವೆ ಒಡೆದ ಕೋಶ, ಚೆಲ್ಲಿದ ಕಾಳು. ಇದನ್ನೇ ಹಿಡಿದುಕೊಂಡು ಎಳೆಯುವ ವಿಧಾನ ಕೆಟ್ಟದ್ದು ಅಂತ ನಾನು ವಾದಿಸುವುದಿಲ್ಲ. ಮೂರು ಸಲ ಚುಚ್ಚಿದ ಮೇಲೆ ನಾಲ್ಕನೆಯದಾಗಿ ಎಳೆದದ್ದು, ರಕ್ತ ಬರುವುದು ಸಹಜ. ಮೊದಲು ಎಳೆದು ಆಮೇಲೆ ಎಳೆಯದೆ ಮಾಡಿದ್ದರೆ ಚಿತ್ರ ಬೇರೆ ಇರುತ್ತಿತ್ತೇನೋ. ಒಂದು ನಾಯಿ, ಒಂದು ಗಂಟು, ಒಂದು ಮಧ್ಯಾಹ್ನ, ಅಷ್ಟೇ ನನ್ನ ಸಾಕ್ಷಿ.

ಎಳೆಯದ ಸೂಜಿ ಸೋತದ್ದನ್ನೂ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಒಂದು ಅಲ್ಸೇಷಿಯನ್‌ಗೆ ಭುಜದಲ್ಲಿ ಕಲ್ಲಿನಂಥ ಗಂಟು. ಐದು ಸಲ ಆಡಿಸಿದರೂ ಸ್ಲೈಡ್ ಖಾಲಿ. ನಾರಿನಂಥ ಕೋಶಗಳ ಗಡ್ಡೆಗಳಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆರೆದರೆ ಉದುರುವುದಿಲ್ಲ. ಎಳೆದಾಗ ಹತ್ತಿಪ್ಪತ್ತು ಉದ್ದನೆ ಕೋಶ ಸಿಕ್ಕಿತು, ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ಕೊನೆಗೆ ಕೋರ್ ಸೂಜಿಯೇ ಉತ್ತರ ಕೊಟ್ಟದ್ದು. ಗಟ್ಟಿ ಗಂಟಿಗೆ ಈಗ ನಾನು ಮೊದಲೇ ಮನೆಯವರಿಗೆ ಹೇಳಿಬಿಡುತ್ತೇನೆ, ಸಣ್ಣ ಸೂಜಿಯಲ್ಲಿ ಸಿಗದೇ ಇರಬಹುದು ಅಂತ.

ಎದೆಯ ಮೆತ್ತನೆ ಗಂಟಿಗೂ ಆ ದಿನವೇ ಸೂಜಿ ಹಾಕಿದೆ. ಒಂದು ಗಂಟಿನ ಉತ್ತರ ಪಕ್ಕದ ಗಂಟಿಗೆ ಆಗುವುದಿಲ್ಲ. ಅದರ ಸ್ಲೈಡ್ ಎಷ್ಟು ಗಾಳಿ ಬಿಟ್ಟರೂ ಒಣಗಲಿಲ್ಲ, ಎಣ್ಣೆ ಸವರಿದ ಕಾವಲಿಯ ಹಾಗೆ ಹೊಳೆಯುತ್ತಲೇ ಇತ್ತು. ಬಣ್ಣ ಹಾಕಿದರೆ ಮೆಥನಾಲ್‌ನಲ್ಲಿ ಕೊಬ್ಬು ಕರಗಿ ಹೋಗಿ ಸ್ಲೈಡ್ ಬಹುಪಾಲು ಖಾಲಿ, ಒಂದೆರಡು ಕಡೆ ಕೊಬ್ಬಿನ ಕೋಶದ ಗೊಂಚಲು. ಕೊಬ್ಬೇ. ಜುಲೈಯಲ್ಲಿ ನಾನು ಮುಟ್ಟಿ ಹೇಳಿದ್ದು ಸರಿ ಇತ್ತು, ಆದರೆ ಅದು ಅದೃಷ್ಟ.

ಇನ್ನು ಲಿಂಫ್ ನೋಡ್, ಅಂದರೆ ದುಗ್ಧಗ್ರಂಥಿ. ಕ್ಯಾನ್ಸರ್ ಹರಡಿದೆಯಾ ಅಂತ ನೋಡುವುದು ಇಲ್ಲಿ. ತೊಡೆ ಸಂದಿನದು ಕೈಗೆ ಸಿಗಲಿಲ್ಲ. ಮೊಣಕಾಲ ಹಿಂದಿನದು ಸಿಕ್ಕಿತು, ಹುರುಳಿಕಾಯಿ ಬೀಜದಷ್ಟು. ಅಲ್ಲಿಗೂ ಎಳೆಯದ ಸೂಜಿಯೇ. ಲಿಂಫ್ ಕೋಶಗಳು ತುಂಬ ನಾಜೂಕು, ಎಳೆದರೆ ಒಡೆದು ಬಲೆಯಾಗುತ್ತವೆ. ನಾಲ್ಕೈದು ಮಾಸ್ಟ್ ಕೋಶ ಒಂಟೊಂಟಿಯಾಗಿ ಕಂಡವು. ಆರೋಗ್ಯವಾದ ನೋಡ್‌ನಲ್ಲೂ ಅಷ್ಟು ಇರುತ್ತವೆ. ಗುಂಪುಗುಂಪಾಗಿದ್ದರೆ ಹರಡಿದೆ ಅನ್ನಬೇಕಿತ್ತು.

"ಕ್ಯಾನ್ಸರ್ ಅಂದ್ರೆ ತುಂಡು ತೆಗೆದು ಕಳಿಸ್ಬೇಕಲ್ವಾ ಡಾಕ್ಟ್ರೇ? ನಮ್ಮ ತಮ್ಮನಿಗೆ ಹಾಗೇ ಮಾಡಿದ್ರು."

ನ್ಯಾಯವಾದ ಪ್ರಶ್ನೆ. ತುಂಡು ನೋಡಿದರೆ ಕೋಶಗಳು ಹೇಗೆ ಜೋಡಿಸಿಕೊಂಡಿವೆ, ಎಷ್ಟು ಒಡೆದು ಎರಡಾಗುತ್ತಿವೆ, ದರ್ಜೆ ಯಾವುದು ಎಲ್ಲ ತಿಳಿಯುತ್ತದೆ. ಮಾಸ್ಟ್ ಸೆಲ್ ಗಡ್ಡೆಗೆ ಈಗ ಬಳಸುವ ಮೇಲ್ದರ್ಜೆ, ಕೆಳದರ್ಜೆ ಎಂಬ ಎರಡು ಹಂತದ ಪದ್ಧತಿ 2011ರದ್ದು, ಅದಕ್ಕೆ ತುಂಡೇ ಬೇಕು. ಆದರೆ ಟೈಗರ್‌ನ ಮಟ್ಟಿಗೆ ಆ ಹೊತ್ತಿನ ಪ್ರಶ್ನೆ ದರ್ಜೆಯದಲ್ಲ. ಕತ್ತರಿಸಬೇಕಾ, ಕತ್ತರಿಸಿದರೆ ಎಷ್ಟು ಅಗಲ ಅನ್ನುವುದು. ಕೊಬ್ಬಾಗಿದ್ದರೆ ಮುಟ್ಟುವುದೇ ಬೇಡ. ಕೀವಾಗಿದ್ದರೆ ಸೀಳಿ ತೊಳೆದರೆ ಮುಗಿಯಿತು. ಮಾಸ್ಟ್ ಸೆಲ್ ಆದರೆ ಸುತ್ತ 2 ಸೆಂ.ಮೀ. ಒಳ್ಳೆ ಚರ್ಮ, ಕೆಳಗೆ ಒಂದು ಪದರ ಪೊರೆ ಸೇರಿಸಿ ತೆಗೆಯಬೇಕು. ಉಣ್ಣಿ ಗಂಟು ಅಂದುಕೊಂಡು ಅಂಚಿಗೇ ಕತ್ತರಿಸಿದ್ದರೆ ಎರಡನೇ ಸಲ ಕತ್ತರಿಸಬೇಕಾಗುತ್ತಿತ್ತು, ಎರಡನೇ ಸಲಕ್ಕೆ ತೊಡೆಯಲ್ಲಿ ಚರ್ಮ ಸಾಲುತ್ತಿರಲಿಲ್ಲ. ಇಷ್ಟನ್ನು ತೀರ್ಮಾನಿಸಲು 0.6 ಮಿ.ಮೀ. ಸೂಜಿ ಸಾಕಾಯಿತು, ಬಣ್ಣ ಹಾಕಿ ನೋಡಲು ಅರ್ಧ ಗಂಟೆ. ಕೋರ್ ಸೂಜಿ 16 ಗೇಜ್, 1.6 ಮಿ.ಮೀ. ದಪ್ಪ. ಅದಕ್ಕೆ ಮಂಪರು ಬರಿಸುವ ಇಂಜೆಕ್ಷನ್ ಬೇಕು. ಮುಟ್ಟಿದರೇ ಊದುವ ಗಂಟಿಗೆ ಅಷ್ಟು ದಪ್ಪದ್ದನ್ನು ಹೊಡೆಯಬೇಕು. ಆಮೇಲೆ ಮತ್ತೆ ಬಸ್ಸು, ಮತ್ತೆ ಹತ್ತು ದಿನ. ಗಂಟು ಪಾದದಲ್ಲಿ ಇದ್ದು, ದರ್ಜೆ ನೋಡಿ ಕಾಲು ಉಳಿಸುವುದೋ ತೆಗೆಯುವುದೋ ಅಂತ ಯೋಚಿಸಬೇಕಾಗಿದ್ದರೆ ನಾನು ಮೊದಲು ತುಂಡನ್ನೇ ಕೇಳುತ್ತಿದ್ದೆ.

ಆಗಸ್ಟ್ 6ಕ್ಕೆ ಆಪರೇಷನ್. ಏವಿಲ್, ಹೊಟ್ಟೆಯ ಆಸಿಡ್ ತಗ್ಗಿಸುವ ಮಾತ್ರೆ ಐದು ದಿನದಿಂದ ನಡೆದಿತ್ತು, ಗಂಟು ಮತ್ತೆ ಅಡಿಕೆಗಿಳಿದಿತ್ತು. ಉಳಿದದ್ದು ಮಾಮೂಲಿ.

ಒಂದು ಕುತೂಹಲ ಉಳಿದಿತ್ತು. ತೆಗೆದ ಗಂಟಿನ ಅಂಚಿಗೆಲ್ಲ ಶಾಯಿ ಹಚ್ಚಿ ಗುರುತು ಮಾಡಿದ ಮೇಲೆ, ಟೇಬಲ್ ಮೇಲೇ, ಚರ್ಮದ ಕಡೆಯಿಂದ ನಡುವಿಗೆ ಕೋರ್ ಸೂಜಿ ಹೊಡೆದೆ. ನಾಯಿಗೆ ನೋವಿಲ್ಲ, ಅಂಚಿಗೂ ತೊಂದರೆ ಇಲ್ಲ. ಶ್ಯಾವಿಗೆಯಂಥ ಮೂರು ಎಳೆ ಬಂದವು. ಫಾರ್ಮಾಲಿನ್‌ಗೆ ಹಾಕುವ ಮೊದಲು ಒಂದು ಎಳೆಯನ್ನು ಸೂಜಿ ತುದಿಯಿಂದ ಸ್ಲೈಡ್ ಮೇಲೆ ಮೆಲ್ಲಗೆ ಉರುಳಿಸಿದೆ. ಆ ಅಚ್ಚಿಗೆ ಲೀಶ್ಮನ್ ಹಾಕಿದಾಗ ಅದೇ ಮದ್ದು ಪಾಯಸ. ಕೋರ್ ಮಾಡಿದರೆ ಹತ್ತು ದಿನ ಕಾಯಲೇಬೇಕು ಅಂತೇನಿಲ್ಲ, ಎಳೆಯನ್ನು ಉರುಳಿಸಿಟ್ಟುಕೊಂಡರೆ ಅರ್ಧ ಉತ್ತರ ಅವತ್ತೇ ಸಿಗುತ್ತದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ, ನಾನೂ ಮರೆಯುತ್ತಿದ್ದೆ.

ಈ ಸಲ ಫಾರ್ಮಾಲಿನ್ ಡಬ್ಬಿ ಬುಧವಾರದ ಬಸ್ಸಿಗೆ, ಸ್ಲೈಡ್ ಪೆಟ್ಟಿಗೆ ಗುರುವಾರದ ಬಸ್ಸಿಗೆ. ಮಾಂಸದ ಹತ್ತರಷ್ಟು ಫಾರ್ಮಾಲಿನ್. ಎಳೆಗಳು ಬೇರೆ ಡಬ್ಬಿ, ಇಡೀ ಗಂಟು ಬೇರೆ.

ವರದಿ ಹನ್ನೊಂದನೇ ದಿನ ಬಂತು. ಎಳೆಗಳಲ್ಲಿ ಮಾಸ್ಟ್ ಸೆಲ್ ಟ್ಯೂಮರ್, ಕೆಳದರ್ಜೆ. ಇಡೀ ಗಂಟಿನಲ್ಲೂ ಅದೇ, ಜೊತೆಗೆ ಎಳೆಗಳು ಹೇಳಲಾಗದ ಒಂದು ಸಾಲು: ಎಲ್ಲ ಅಂಚಿನಲ್ಲೂ ಗಡ್ಡೆಯ ಕೋಶವಿಲ್ಲ. ನನ್ನ ಸ್ಲೈಡ್‌ಗಳ ಬಗ್ಗೆ "ಸಾಕಷ್ಟು ಕೋಶ ಇವೆ, ಬಣ್ಣ ಚೆನ್ನಾಗಿದೆ" ಅಂತ ಬರೆದಿದ್ದರು. ಆ ಸಾಲನ್ನು ನಾನು ಎರಡು ಸಲ ಓದಿದೆ.

ಹೊಲಿಗೆ ಬಿಚ್ಚಲು ಬಂದಾಗ ಟೈಗರ್ ಕುತ್ತಿಗೆಗೆ ಹಾಕಿದ್ದ ಪ್ಲಾಸ್ಟಿಕ್ ಕಾಲರ್ ಕಚ್ಚಿ ಹರಿದುಕೊಂಡಿತ್ತು. ಗಾಯ ಒಣಗಿತ್ತು. ಎದೆಯ ಕೊಬ್ಬಿನ ಗಂಟಿನ ಅಳತೆ ಚೀಟಿಯಲ್ಲಿ ಬರೆದುಕೊಟ್ಟೆ, 4 ಸೆಂ.ಮೀ. ಮೂರು ತಿಂಗಳಿಗೆ ಮೊಣಕಾಲ ಹಿಂದಿನ ನೋಡ್‌ಗೆ ಮತ್ತೆ ಸೂಜಿ ಹಾಕಿ ನೋಡಬೇಕು ಅಂದೆ.

"ಆಗ ಕಾಫಿ ಕೊಯ್ಲು ಶುರುವಾಗಿರುತ್ತೆ, ನನಗೆ ಬರೋಕಾಗಲ್ಲ" ಅಂದರು ಅಮ್ಮ. "ರೈಟರ್ ಕೈಲಿ ಕಳಿಸ್ತೀನಿ. ನೀಲಿ ಸೂಜಿಲೇ ಹಾಕಿ."